ಮೊಮ್ಮಗಳ ಟೆಂಟಿಗೆ ತಾಡಪತ್ರಿ ಹೊದಿಸಿದ ಸಂಜೆ

ಆ ವಾರ ನಾನು ನಕ್ಕಷ್ಟು ನನ್ನ ಮದುವೆಯಲ್ಲೂ ನಕ್ಕಿರಲಿಲ್ಲ. ಮೊಮ್ಮಗಳು ಆಳಂದದಿಂದ ಫೋನ್ ಮಾಡಿ, "ಮುತ್ಯಾ, ಮೂರು ಟೆಂಟ್ ತರಾಕತ್ತೇನಿ. ಯಾವುದು ಇಟ್ಕೋಬೇಕು ಅಂತ ನೀನೇ ಹೇಳಬೇಕು," ಎಂದಿದ್ದಳು. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನನ್ನು ಇಂಥ ಮಾತಿಗೆ ಯಾರು ಕೇಳುತ್ತಾರೆ? ಎತ್ತು ಆರಿಸಲು ಕೇಳಿದ್ದಾರೆ, ಬೀಜ ಆರಿಸಲು ಕೇಳಿದ್ದಾರೆ. ಮೋಟಾರ್ ಸೈಕಲ್ಲಿನ ಬೆನ್ನಿಗೆ ಕಟ್ಟಿಕೊಂಡು ಹೋಗಿ, ಕಂಡ ಹೊಲದಲ್ಲಿ ಬಿಚ್ಚಿ ಮಲಗುವ ಬಟ್ಟೆಯ ಮನೆ ಆರಿಸಲು ಯಾರೂ ಕೇಳಿರಲಿಲ್ಲ. ನಮ್ಮೂರು ಕೊಳಕೂರಿನ ಕಟ್ಟೆಯ ಮೇಲೆ ಕೂತವರಿಗೆಲ್ಲ ಹೇಳಿ ಬಂದೆ. ಹೇಳಿದವರಿಗೇ ಮತ್ತೊಮ್ಮೆ ಹೇಳಿದೆ.

ನನ್ನ ಹೆಂಡತಿ ಅಂಗಳದಲ್ಲಿ ತೊಗರಿ ಕೇರುತ್ತಿದ್ದಳು. ಮೊರ ನಿಲ್ಲಿಸಿ ನನ್ನ ಮುಖ ನೋಡಿದಳು.

"ಸಾಕ್ರಿ. ಇಷ್ಟ್ಯಾಕ ನಗತೀರಿ? ನನಗ್ಯಾಕೋ ಚಲೋ ಅನಸವಲ್ದು."

"ನಗಬಾರದೇನು ಬೇ? ನಿನಗ ಕೇಳಿಲ್ಲ ಅಂತ ಹೊಟ್ಟಿಕಿಚ್ಚು."

"ಹೂಂ, ನನಗ ಬಟ್ಟಿ ಮನಿ ಬೇಕಾಗ್ಯದ ನೋಡ್ರಿ, ಅದಕ್ಕ."

ಮಾತಿನಲ್ಲಿ ಹಾಸ್ಯವಿತ್ತು, ಮುಖದಲ್ಲಿ ಇರಲಿಲ್ಲ. ಮೊರದಿಂದ ಹಾರಿದ ಹೊಟ್ಟು ನನ್ನ ಕಾಲಿನ ಮೇಲೆ ಬಿತ್ತು. ನಾನು ಕೊಡವಿಕೊಂಡು ಎದ್ದೆ.

ಮೊಮ್ಮಗಳು ನನ್ನ ಮಗ ಸೊಸೆಯ ಒಬ್ಬಳೇ ಮಗಳು. ಆಳಂದದ ದನದ ದವಾಖಾನೆಯಲ್ಲಿ ಕೆಲಸ. ವಾರವೆಲ್ಲ ಅಲ್ಲೇ ಖೋಲಿ ಹಿಡಿದು ಇರುತ್ತಾಳೆ, ಶನಿವಾರ ಸಂಜೆಗೆ ಊರಿಗೆ ಬರುತ್ತಾಳೆ. ಭೂಸನೂರು ಕಡೆಯ ಹಳ್ಳಿಗಳಿಗೆ ಮೋಟಾರ್ ಸೈಕಲ್ ಮೇಲೆ ಹೋಗಿ ದನಗಳಿಗೆ ಸೂಜಿ ಹಾಕುತ್ತಾಳೆ. ಮೊದಮೊದಲು ಹೆಣ್ಣುಹುಡುಗಿ ಗಾಡಿ ಮೇಲೆ ಬಂದಳೆಂದು ಜನ ಬಾಗಿಲಲ್ಲಿ ನಿಂತು ನಕ್ಕರಂತೆ. ಈಗ ಎಮ್ಮೆ ಈಯುವಾಗ ಕರು ಅಡ್ಡ ಬಂದರೆ ಅವಳೇ ಬೇಕೆನ್ನುತ್ತಾರಂತೆ. ಈ ಮಾತನ್ನು ನಾನು ಎಷ್ಟು ಸಲ ಹೇಳಿದರೂ ನನಗೆ ಸಾಕಾಗುವುದಿಲ್ಲ.

ಅವಳಿಗೊಂದು ಆಸೆ ಹುಟ್ಟಿತ್ತು. ಜೊತೆಗೆ ಕೆಲಸ ಮಾಡುವ ಗೆಳತಿಯೊಬ್ಬಳೊಡನೆ ಮೂರು ದಿನ ರಜೆ ಹಾಕಿ, ಎರಡು ಗಾಡಿಗಳ ಮೇಲೆ ಆಳಂದದಿಂದ ಹೊರಟು ಭೂಸನೂರು ದಾಟಿ, ಅಫಜಲಪುರ ಸುತ್ತಿ, ಹವಳಗಾ ಮೇಲೆ ಹಾಯ್ದು ಭೀಮಾ ಹೊಳೆಯ ದಂಡೆ ಹಿಡಿದು ಜೇವರ್ಗಿಗೆ ಬಂದು ಮನೆ ಸೇರಬೇಕು. ರಾತ್ರಿ ಪರಿಚಯದ ರೈತರ ಹೊಲಗಳಲ್ಲಿ ಟೆಂಟು ಹೊಡೆದು ಮಲಗಬೇಕು. ಸೂಜಿಯ ಚೀಲವಿಲ್ಲದೆ, ಯಾರ ದನಕ್ಕೂ ಓಡದೆ, ಈ ಮೂರು ತಾಲೂಕನ್ನು ಒಮ್ಮೆ ತನಗಾಗಿ ನೋಡಬೇಕು. ಅಷ್ಟೇ.

ನನ್ನ ಮಗ ಅಷ್ಟೇ ಎನ್ನಲಿಲ್ಲ. ಊಟಕ್ಕೆ ಕೂತವನು ಕೈ ತೊಳೆದು ಎದ್ದುಬಿಟ್ಟ.

"ಹೊಳಿ ದಂಡಿಗೆ ಮಲಗ್ತಿ? ಇಲ್ಲಿ ಹನಿ ಮಳಿ ಇಲ್ಲದಾಗ ಮ್ಯಾಲಿನ ಡ್ಯಾಮಿಂದ ನೀರು ಬಿಡ್ತಾರ, ಗೊತ್ತದಿಲ್ಲ? ಕಬ್ಬಿನಾಗ ಹಾವು ಅವ. ಹಂದಿ ಅವ. ಮಂದಿ ಅದಾರ."

"ಪಪ್ಪಾ, ದಿನಾ ಆ ಮಂದಿ ಮನಿಗೇ ಹೋಗ್ತೇನಿ."

"ಹಗಲಿ ಹೋಗ್ತಿ. ಮಲಗಾಕ ಹೋಗಂಗಿಲ್ಲ."

ಇಬ್ಬರೂ ಹಟದವರು. ಎರಡು ಶನಿವಾರ ಮನೆಯಲ್ಲಿ ಮಾತೇ ಇರಲಿಲ್ಲ. ಕೊನೆಗೆ ಮಗ ಒಂದು ಕರಾರು ಹಾಕಿದ. ಯಾವ ಟೆಂಟು ಒಯ್ಯುತ್ತಾಳೋ ಅದರಲ್ಲಿ ಮೊದಲು ನಮ್ಮ ಕಣದಲ್ಲಿ ಒಂದು ರಾತ್ರಿ ಮಲಗಬೇಕು. ಬೆಳಗ್ಗೆ ಏನೂ ತೊಂದರೆಯಿಲ್ಲದೆ ಎದ್ದು ಬಂದರೆ ಹೋಗಲಿ. ಒಂದು ಚೂರು ಹೆಚ್ಚುಕಡಿಮೆಯಾದರೂ ಆ ಮಾತು ಅಲ್ಲಿಗೇ ಮುಗಿಯಿತು.

"ಮತ್ತ ಟೆಂಟಿನ ಹೆಸರು ಎತ್ತಬಾರದು," ಎಂದ.

"ಎತ್ತಂಗಿಲ್ಲ," ಎಂದಳು ಅವಳು. ಅವಳು ಒಮ್ಮೆ ಆಡಿದರೆ ಆಡಿದ್ದೇ.

ಹೀಗೆ ಆ ಒಂದು ರಾತ್ರಿಯ ಮೇಲೆ ಎಲ್ಲವೂ ನಿಂತಿತ್ತು. ಅದನ್ನು ಕಾಯುವ ಜವಾಬ್ದಾರಿ ನನ್ನದೆಂದು ನಾನೇ ಮೈಮೇಲೆ ಎಳೆದುಕೊಂಡೆ. ಯಾರೂ ನನಗೆ ಅದನ್ನು ಕೊಟ್ಟಿರಲಿಲ್ಲ.

ಆ ಶನಿವಾರ ಅವಳು ಬಂದದ್ದು ನಾಲ್ಕು ಗಂಟೆಗೆ. ಮೈತುಂಬ ಧೂಳು. ಬೆಳಗ್ಗೆಯಿಂದ ಎರಡು ಹಳ್ಳಿಯ ದನಗಳಿಗೆ ಸೂಜಿ ಹಾಕಿ, ಅಲ್ಲಿಂದ ನೇರ ಗಾಡಿ ಹೊಡೆದುಕೊಂಡು ಬಂದಿದ್ದಳು. ಮೂರು ಟೆಂಟುಗಳೂ ಗಾಡಿಯ ಮೇಲಿದ್ದವು. ಒಂದು ಅವಳದು, ಎರಡು ಗೆಳತಿಯ ಕಡೆಯಿಂದ ನೋಡಲು ತಂದವು. ಕಣದಲ್ಲಿ ಸಾಲಾಗಿ ಇಟ್ಟಳು. ನಾನು ಹೊಸ ಧೋತರ ಉಟ್ಟು ನಿಂತಿದ್ದೆ.

"ಏನು ಮುತ್ಯಾ, ಕನ್ಯಾ ನೋಡಾಕ ಬಂದವರಂಗ ನಿಂತಿ?"

"ಹೌದವ್ವಾ, ತೋರಸು. ಮೂವರೂ ಚಲೋ ಅದಾರೇನು?"

ಅವಳು ನಕ್ಕು ಮೊದಲನೆಯದನ್ನು ಎತ್ತಿ ಗಾಡಿಯ ಹಿಂದಿನ ಸೀಟಿನ ಮೇಲೆ ಅಡ್ಡ ಇಟ್ಟಳು. ಸುತ್ತಿದ ಜಮಖಾನೆಯಷ್ಟು ಉದ್ದ. ಎರಡೂ ಕಡೆ ಒಂದೊಂದು ಗೇಣು ಹೊರಗೆ ಚಾಚಿತ್ತು. ಹ್ಯಾಂಡಲ್ಲಿಗಿಂತ ಅಗಲದ್ದನ್ನು ಕಟ್ಟಬಾರದು ಎಂದಳು. ಅಫಜಲಪುರ ರಸ್ತೆಯ ಮೇಲೆ ಕಬ್ಬಿನ ಟ್ರ್ಯಾಕ್ಟರುಗಳು ಹಿಂದೆ ಎರಡೆರಡು ಟ್ರೇಲರ್ ಡಬ್ಬಿ ಕಟ್ಟಿಕೊಂಡು ಬರುತ್ತವೆ, ಕಬ್ಬು ಹೊರಗೆ ಜೋತುಬಿದ್ದಿರುತ್ತದೆ, ಪಕ್ಕದಲ್ಲಿ ಹೋಗುವಾಗ ಸಿಕ್ಕಿಕೊಂಡರೆ ಗಾಡಿಯನ್ನೇ ಎಳೆದುಕೊಂಡು ಹೋಗುತ್ತವೆ. ಅವಳು ಅದನ್ನು ಬಹಳ ಸಹಜವಾಗಿ ಹೇಳಿದಳು. ನಾನು ಅದನ್ನು ಬದಿಗೆ ಸರಿಸಿದೆ. ಮೊದಲನೆಯದು ಹೋಯಿತು.

ಎರಡನೆಯದು ನನ್ನ ಮೊಳಕೈಯಷ್ಟು ಉದ್ದ. ಬಿಚ್ಚಿದಳು. ಎರಡು ತೆಳ್ಳನೆಯ ಕಡ್ಡಿಗಳನ್ನು ಬಿಲ್ಲಿನಂತೆ ಬಗ್ಗಿಸಿ ಅಡ್ಡಡ್ಡ ಸಿಕ್ಕಿಸಿದ ಕೂಡಲೇ ಗೂಟವಿಲ್ಲದೆ ತಾನೇ ನಿಂತಿತು. ಇದು ನನಗೆ ಬಹಳ ಹಿಡಿಸಿತು, ಏಕೆಂದರೆ ನಮ್ಮ ಎರೆಮಣ್ಣಿನಲ್ಲಿ ಗೂಟ ನಿಲ್ಲುವುದಿಲ್ಲ. ಮಳೆಗಾಲದಲ್ಲಿ ಬೆಣ್ಣೆಯಂತೆ ಬಿಟ್ಟುಕೊಡುತ್ತದೆ, ಚಳಿಗಾಲ ಕಳೆಯುವ ಹೊತ್ತಿಗೆ ಕೈ ಹೋಗುವಷ್ಟು ಬಿರುಕು. ಆದರೆ ಒಳಗೆ ಇಣುಕಿದರೆ ಅರ್ಧಕ್ಕರ್ಧ ಜಾಳಿಗೆ, ಸೊಳ್ಳೆ ಪರದೆಯಂಥ ಬಟ್ಟೆ. ಅದರ ಮೇಲೊಂದು ಹೊರಗಿನ ಬಟ್ಟೆ, ಅದೂ ನೆಲ ಮುಟ್ಟುವುದಿಲ್ಲ, ಒಂದು ಗೇಣು ಮೇಲೇ ನಿಲ್ಲುತ್ತದೆ. ಕೆಳಗಿನಿಂದ ಗಾಳಿ ಆಚೆಯಿಂದ ಈಚೆ ಆಡುತ್ತದೆ.

ಮೂರನೆಯದು ಎಲ್ಲಕ್ಕಿಂತ ಸಣ್ಣದು. ಮಡಚಿದರೆ ಒಂದು ಲೋಡಿನ ಮರಿ. ಒಂದೇ ಪದರ ಬಟ್ಟೆ, ನೆಲಕ್ಕೇ ಹೊಲಿದದ್ದು, ಎಲ್ಲ ಕಡೆ ಮುಚ್ಚಿದ್ದು. ನೆತ್ತಿಯ ಮೇಲೆ ಅಂಗೈಯಗಲ ಒಂದು ಕಂಡಿ.

"ಇದೇ," ಎಂದೆ.

"ಯಾಕ ಮುತ್ಯಾ?"

ನಾನು ಐವತ್ತು ವರ್ಷ ತೊಗರಿ ಬಣವೆ ಮುಚ್ಚಿದವನು. ಕೊಯ್ದ ತೊಗರಿಯನ್ನು ಕಣದಲ್ಲಿ ಒಟ್ಟಿ, ನೀರು ಇಳಿಯದ ಪ್ಲಾಸ್ಟಿಕ್ ತಾಡಪತ್ರಿ ಹೊದಿಸಿ, ಅಂಚಿಗೆ ಸುತ್ತಲೂ ಮಣ್ಣು ಕೊಟ್ಟು ತುಳಿದರೆ ಅಕಾಲದ ಮಳೆ ಬಂದರೂ ಒಂದು ಕಾಳು ತೋಯುವುದಿಲ್ಲ, ಗಾಳಿ ಒಂದು ಅಂಚನ್ನೂ ಎತ್ತುವುದಿಲ್ಲ. ಊರಿನಲ್ಲಿ ನನ್ನ ಬಣವೆ ತೋಯ್ದದ್ದನ್ನು ಯಾರೂ ನೋಡಿಲ್ಲ. ನನಗೆ ಗೊತ್ತಿದ್ದ ಜೋಪಾನ ಎಂದರೆ ಅದೇ. ಕಂಡಿ ಇರಬಾರದು, ಸಂದು ಇರಬಾರದು. ಅದನ್ನೇ ಅವಳಿಗೆ ಹೇಳಿದೆ.

"ಮುತ್ಯಾ, ಒಂದೇ ಬಟ್ಟಿದು ಇದ್ರ ನಮ್ಮ ಉಸಿರೇ ನೀರಾಗಿ ಒಳಗ ಹನೀತದಂತ. ಗಾಳಿ ಆಡೋದು ಬೇಕಂತ."

"ಹನಿ ನೀರಿಗೆ ಹೆದರ್ತಿಯೇನು? ಆ ಜಾಳಿಗಿಯೊಳಗ ಮಲಗಿದ್ರ ಥಂಡಿ ಹೊಡೀತದ. ಚೇಳು ಬರ್ತಾವ. ನಿಮ್ಮಪ್ಪ ಒಂದು ಸೀನು ಕೇಳಿದ್ರ ಸಾಕು, ಕರಾರು ಮುಗೀತು ಅಂತಾನ. ನೋಡು ಮತ್ತ."

ಅವಳು ಜಾಳಿಗೆಯ ಟೆಂಟಿನ ಕಡೆ ಒಮ್ಮೆ ನೋಡಿದಳು. ಒಂದು ಉಸಿರಿನಷ್ಟು ಹೊತ್ತು. ಆಮೇಲೆ ನನ್ನ ಹೊಸ ಧೋತರ ನೋಡಿದಳು.

"ಆತು. ನೀ ಹೇಳಿದ್ದೇ."

ಆ ನೋಟ ನನ್ನ ಕಣ್ಣಿಗೆ ಬಿದ್ದಿತ್ತು. ಬಿದ್ದರೂ ನಾನು ನಿಲ್ಲಲಿಲ್ಲ. ಸಂತೋಷದಲ್ಲಿದ್ದ ಮನುಷ್ಯನಿಗೆ ಎದುರಿನವರ ಮುಖ ಓದುವ ತಾಳ್ಮೆ ಇರುವುದಿಲ್ಲ.

ಹೊತ್ತು ಮುಳುಗುವ ಮೊದಲೇ ಗಾಳಿ ನಿಂತಿತು. ಒಂದು ಎಲೆಯೂ ಅಲುಗಲಿಲ್ಲ. ಊರಿನ ಒಲೆಗಳ ಹೊಗೆ ಮೇಲೆ ಹೋಗದೆ ಮಾಳಿಗೆಯಿಂದ ಇಳಿದು, ಹೊಲಗಳ ಮೇಲೆ ಮೊಣಕಾಲೆತ್ತರದಲ್ಲಿ ಹಾಸಿಕೊಂಡಿತು. ಎತ್ತುಗಳು ಮೇವಿಗೆ ಬಾಯಿ ಹಾಕದೆ ಕಿವಿ ನಿಮಿರಿಸಿ ನಿಂತಿದ್ದವು. ಥಂಡಿ ನೆಲದಿಂದ ಏಳುತ್ತಿತ್ತು.

ಮೊಮ್ಮಗಳು ಟೆಂಟಿನೊಳಗೆ ಕಂಬಳಿ ಹಾಸಿಕೊಂಡಳು. "ಊಟದ ತನಕ ಜರಾ ಅಡ್ಡಾಗ್ತೇನಿ ಮುತ್ಯಾ, ನಡ ಮುರದದ," ಎಂದು ಬಾಗಿಲಿನ ಚೈನು ಎಳೆದುಕೊಂಡಳು. ಎರಡು ನಿಮಿಷಕ್ಕೆ ಅವಳ ಉಸಿರು ನಿದ್ದೆಯ ಉಸಿರಾಯಿತು.

ಟೆಂಟಿನ ಬಟ್ಟೆಯ ಮೇಲೆ ಕೈಯಾಡಿಸಿದೆ. ತಣ್ಣಗಿತ್ತು. ಇಷ್ಟು ತೆಳ್ಳಗಿನ ಬಟ್ಟೆಯಲ್ಲಿ ನನ್ನ ಕೂಸು ಹೇಗೆ ರಾತ್ರಿ ಕಳೆದೀತು ಎನಿಸಿತು. ಕೊಟ್ಟಿಗೆಗೆ ಹೋಗಿ ತಾಡಪತ್ರಿ ತಂದೆ. ಬಣವೆಗೆ ಹೊದಿಸುವಂತೆಯೇ ಟೆಂಟಿನ ಮೇಲೆ ಹೊದಿಸಿದೆ. ನೆತ್ತಿಯ ಕಂಡಿ ಮುಚ್ಚಿಹೋಯಿತು. ಸಲಿಕೆಯಿಂದ ಸುತ್ತಲೂ ಅಂಚಿಗೆ ಮಣ್ಣು ಎಳೆದೆ, ಒಂದು ಚರಿಗೆ ನೀರು ಚಿಮುಕಿಸಿ ತುಳಿದೆ. ಬಾಗಿಲ ಮುಂದೆ ಒಂದು ಮೊಳ ಜಾಗ ಬಿಟ್ಟು ಅದರ ಮೇಲೂ ತಾಡಪತ್ರಿಯ ಸೆರಗು ಇಳಿಬಿಟ್ಟೆ, ಒಂದು ಪಡಸಾಲೆಯಂತಾಯಿತು. ಎಷ್ಟು ನೀಟಾಗಿತ್ತೆಂದರೆ, ನಾನೇ ದೂರ ಹೋಗಿ ನಿಂತು ನೋಡಿದೆ.

ಪಕ್ಕದ ಹೊಲದವನು ಎತ್ತು ಹೊಡೆದುಕೊಂಡು ಹೊರಟಿದ್ದ. ನಿಂತ.

"ಏನ್ರಿ ಮುತ್ಯಾ, ಒಳಗ ತೊಗರಿ ಅದನೋ, ಮೊಮ್ಮಗಳು ಅದಾಳೋ?"

"ಮೊಮ್ಮಗಳಲೇ. ಮಲಕೊಂಡಾಳ. ಮೆಲ್ಲಗ ಮಾತಾಡು."

"ಬಣವಿ ಮುಚ್ಚಿದಂಗ ಮುಚ್ಚೀರಲ್ರಿ."

"ನಿನ್ನ ಬಣವಿ ಹಂಗ ತೋಯಬಾರದಲ್ಲ, ಅದಕ್ಕ."

ಅವನು ನಗುತ್ತ ಹೋದ. ನಾನೂ ನಕ್ಕೆ. ನಕ್ಕದ್ದು ಈಗಲೂ ಕಿವಿಯಲ್ಲಿದೆ.

ಆಮೇಲೆ ಸೊಳ್ಳೆ ಬಂದವು. ನಮ್ಮಲ್ಲಿ ಸಂಜೆಗೆ ಕೊಟ್ಟಿಗೆಗೆ ಹೊಗೆ ಹಾಕುವುದುಂಟು. ಕಬ್ಬಿಣದ ಹಳೆಯ ಬುಟ್ಟಿಯಲ್ಲಿ ಒಲೆಯ ಕೆಂಡ ಹಾಕಿ, ಮೇಲೆ ಎರಡು ಸಗಣಿ ಕುಳ್ಳು, ಒಂದು ಹಿಡಿ ಬೇವಿನ ಎಲೆ. ಕರುಗಳು ಆ ಹೊಗೆಯಲ್ಲಿ ಕಣ್ಣು ಮುಚ್ಚಿ ಸುಮ್ಮನೆ ಮೆಲುಕು ಹಾಕುತ್ತವೆ. ಆ ದಿನ ಎರಡು ಬುಟ್ಟಿ ಮಾಡಿದೆ. ಒಂದು ಕರುಗಳ ಮುಂದಿಟ್ಟೆ. ಇನ್ನೊಂದನ್ನು ಸೆರಗು ಎತ್ತಿ, ಟೆಂಟಿನ ಬಾಗಿಲ ಬುಡದಲ್ಲಿ ಇಟ್ಟೆ. ಹೊಗೆ ಒಳಗೂ ಹೋಗಲೆಂದು ಚೈನನ್ನು ಕೆಳಗಿನಿಂದ ಒಂದು ಗೇಣು ಸರಿಸಿದೆ. ಸೊಳ್ಳೆಯೂ ಹೋಗುತ್ತದೆ, ಬೆಚ್ಚಗೂ ಇರುತ್ತದೆ. ಸೆರಗು ಇಳಿಬಿಟ್ಟು ಅಂಚಿಗೆ ಕಲ್ಲು ಹೇರಿದೆ.

ಅವಳು ಏಳಲಿಲ್ಲ. ನಾನು ಬುಟ್ಟಿ ಇಟ್ಟದ್ದು ಅವಳಿಗೆ ಗೊತ್ತೇ ಆಗಲಿಲ್ಲ.

ಕಣದ ಅಂಚಿನ ಕಲ್ಲಿನ ಮೇಲೆ ಕೂತೆ. ಒಳಗಿಂದ ಒಮ್ಮೆ ಕೆಮ್ಮು ಬಂತು. ಆಮೇಲೆ ನಾಲ್ಕೈದು ಸಲ. ಹೊಗೆ ಹತ್ತುತ್ತಿದೆ, ಸೊಳ್ಳೆ ಸಾಯುತ್ತಿವೆ ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ಹೊಗೆ ಕಮ್ಮಿಯಾಯಿತು, ಕೆಂಡ ಮಾತ್ರ ಉಳಿದಿರಬೇಕು. ಕೆಮ್ಮು ನಿಂತಿತು. ಒಳ್ಳೆಯ ನಿದ್ದೆ ಹತ್ತಿತು ಎಂದು ನನಗೆ ಎಷ್ಟು ಸಮಾಧಾನವಾಯಿತೆಂದರೆ, ಧೋತರದ ಚುಂಗಿನಿಂದ ಕಣ್ಣು ಒರೆಸಿಕೊಂಡೆ.

ಮನೆಯೊಳಗಿಂದ ರೊಟ್ಟಿ ಬಡಿಯುವ ಸದ್ದು ಬರುತ್ತಿತ್ತು. ಅದೂ ನಿಂತಿತು. ಹೆಂಡತಿ ಬಾಗಿಲಿಗೆ ಬಂದಳು.

"ಊಟಕ್ಕ ಎಬ್ಬಸ್ರಿ ಆಕಿನ."

"ಮಲಗಲಿ ಬಿಡು. ಬೆಳಿಗ್ಗಿಂದ ದುಡದು ಬಂದದ ಕೂಸು."

"ಉಣ್ಣಲಾರದ ಮಲಗತಾಳೇನು? ಎಬ್ಬಸ್ರಿ."

"ಸುಮ್ಮಕುಂದ್ರು ಬೇ. ಈಗ ಕೆಮ್ಮು ನಿಂತದ."

ಅವಳು ಹೊಸ್ತಿಲ ಮೇಲೆ ಒಂದು ಕಾಲಿಟ್ಟವಳು ಹಾಗೆಯೇ ನಿಂತಳು.

"ಯಾವ ಕೆಮ್ಮು?"

ನಾನು ಉತ್ತರ ಕೊಡುವ ಮೊದಲೇ ಕಣಕ್ಕೆ ಬಂದಳು. ಮೊಣಕಾಲು ನೋವಿನವಳು, ಅಷ್ಟು ಬೇಗ ನಡೆದದ್ದನ್ನು ನಾನು ವರ್ಷಗಳಿಂದ ನೋಡಿರಲಿಲ್ಲ. ತಾಡಪತ್ರಿಯ ಹೊರಗಿನಿಂದ ಮೊಮ್ಮಗಳ ಹೆಸರು ಹಿಡಿದು ಕೂಗಿದಳು. ಎರಡನೇ ಸಲ ಕೂಗಿದಳು. ಮೂರನೇ ಸಲ ಕೂಗಲಿಲ್ಲ, ಕಲ್ಲು ಒದ್ದು ಸೆರಗು ಹರಿಯುವಂತೆ ಎಳೆದಳು. ಒಳಗಿನ ಶಾಖ ನನ್ನ ಮುಖಕ್ಕೆ ಬಡಿಯಿತು. ಒಲೆಯ ಬಾಯಿ ತೆರೆದಂತೆ. ನಾನು ಬುಟ್ಟಿ ಸರಿಸಿದೆ, ಅವಳು ಚೈನು ಎಳೆದು ಒಳಗೆ ಕೈ ಹಾಕಿದಳು. ಹಿಡಿದದ್ದು ಮೊಮ್ಮಗಳ ಕಾಲು. ಕಾಲು ಹಿಡಿದೇ ಹೊರಗೆ ಎಳೆದಳು.

ತಲೆ ಒಂದು ಕಡೆಗೆ ಜೋತುಬಿತ್ತು. ಬಾಯಿಯ ಅಂಚಿನಲ್ಲಿ ವಾಂತಿ. ಕೈ ಎತ್ತಿದರೆ ಕೈ ಬಿತ್ತು.

"ಏ ಮಗಾ, ಬಾರೋ! ಓಡಿ ಬಾ!" ಎಂದು ನನ್ನ ಹೆಂಡತಿ ಕೂಗಿದ ಕೂಗಿಗೆ ಇಡೀ ಓಣಿ ಬಂತು.

ಮಗ ಓಡಿ ಬಂದು ಮಗಳನ್ನು ಹೆಗಲ ಮೇಲೆ ಹಾಕಿಕೊಂಡ. ಯಾರೋ ಜೀಪು ತಂದರು. ಆ ಗದ್ದಲದಲ್ಲಿ ನಾನೊಂದು ಕೆಲಸ ಮಾಡಿದೆ. ಟೆಂಟಿನ ಬಾಗಿಲಲ್ಲಿದ್ದ ಬುಟ್ಟಿಯನ್ನು ಎತ್ತಿ, ಕರುಗಳ ಮುಂದಿದ್ದ ಬುಟ್ಟಿಯ ಪಕ್ಕದಲ್ಲಿ ಇಟ್ಟೆ. ಎರಡು ಬುಟ್ಟಿ, ಎರಡು ಕರು. ನೋಡಿದವರಿಗೆ ಕೊಟ್ಟಿಗೆಯ ಹೊಗೆ ಎಂದೇ ಕಾಣುತ್ತಿತ್ತು. ಯಾಕೆ ಹಾಗೆ ಮಾಡಿದೆ ಎಂದು ಆಗ ಕೇಳಿದ್ದರೆ ಗೊತ್ತಿಲ್ಲ ಎನ್ನುತ್ತಿದ್ದೆ. ಗೊತ್ತಿತ್ತು. ಅಂಗೈ ಸುಟ್ಟು ಬೊಬ್ಬೆ ಬಂದಿತ್ತು, ಅದನ್ನೂ ಧೋತರದಲ್ಲಿ ಮುಚ್ಚಿಕೊಂಡೆ.

ಹೆಂಡತಿಗೆ, ಸೊಸೆಗೆ ಜೀಪಿನಲ್ಲಿ ಜಾಗವಿರಲಿಲ್ಲ. ಜೇವರ್ಗಿಯ ತನಕ ಮಗ ಒಂದೇ ಮಾತು ಆಡುತ್ತಿದ್ದ.

"ಹೊಸಾ ಟೆಂಟಿನ ಪ್ಲಾಸ್ಟಿಕ್ ವಾಸನಿ ಹತ್ಯದ. ನಾ ಹೇಳಿದ್ದೆ. ನಾ ಮೊದಲೇ ಹೇಳಿದ್ದೆ."

ಮೊಮ್ಮಗಳ ತಲೆ ನನ್ನ ತೊಡೆಯ ಮೇಲಿತ್ತು. ಉಸಿರು ಬರುತ್ತಿತ್ತು, ಆದರೆ ನಡುವೆ ನಡುವೆ ಮರೆತುಹೋದಂತೆ ನಿಲ್ಲುತ್ತಿತ್ತು. ರಸ್ತೆಯ ಮೇಲೆ ಕಬ್ಬಿನ ಟ್ರ್ಯಾಕ್ಟರುಗಳು ಎದುರಾಗುತ್ತಿದ್ದವು, ಒಂದೊಂದರ ದೀಪಕ್ಕೂ ಅವಳ ಮುಖ ಒಮ್ಮೆ ಕಾಣುತ್ತಿತ್ತು, ಮತ್ತೆ ಕತ್ತಲಾಗುತ್ತಿತ್ತು.

ದವಾಖಾನೆಯ ಡಾಕ್ಟರು ಹರೆಯದವರು. ಕಣ್ಣಿಗೆ ಬ್ಯಾಟರಿ ಬಿಟ್ಟು ನೋಡಿದರು, ಕೇಳಿದರು: "ಒಳಗೆ ಬೆಂಕಿ ಏನಾದ್ರೂ ಇತ್ತಾ? ಕೆಂಡ, ಸ್ಟೋವ್?"

"ಇಲ್ರಿ ಸಾಹೇಬ್ರ. ಆಕಿ ಅಂಥಾಕಿ ಅಲ್ಲ. ಟೆಂಟೇ ಖರಾಬ್ ಅದ," ಎಂದ ಮಗ.

"ಸರಿಯಾಗಿ ಹೇಳ್ರಿ. ವಾಸನೆ ಹತ್ತಿದ್ದಕ್ಕೆ ಬೇರೆ ಇಲಾಜು, ಕೆಂಡಕ್ಕೆ ಬೇರೆ."

ಆ ಕ್ಷಣದ ಉದ್ದ ನನಗೆ ಇಂದಿಗೂ ಅಳೆಯಲು ಬಂದಿಲ್ಲ. ಬಾಯಿ ತೆರೆದರೆ ಮೊಮ್ಮಗಳನ್ನು ಕೊಲ್ಲಹೊರಟ ಮುತ್ಯಾ ಎಂದು ಊರು ಅನ್ನುತ್ತದೆ. ಸುಮ್ಮನಿದ್ದರೆ ತಪ್ಪು ಟೆಂಟಿನ ತಲೆಗೆ ಹೋಗುತ್ತದೆ, ಅವಳ ಹಟದ ತಲೆಗೆ ಹೋಗುತ್ತದೆ. ಅಷ್ಟು ಯೋಚನೆ ನನ್ನ ತಲೆಯಲ್ಲಿ ಬಂತು, ಬಂದದ್ದನ್ನು ಬಚ್ಚಿಡುವುದಿಲ್ಲ. ಅಷ್ಟರಲ್ಲಿ ಅವಳ ಉಸಿರು ಮತ್ತೊಮ್ಮೆ ನಿಂತಿತು.

"ಇತ್ತರಿ," ಎಂದೆ. "ಕೆಂಡ ಇತ್ತರಿ. ನಾನೇ ಇಟ್ಟಿದ್ದೆ. ಕುಳ್ಳು, ಬೇವಿನ ತಪ್ಪಲ. ಮ್ಯಾಲೆ ತಾಡಪತ್ರಿ ಹಾಕಿ ಮಣ್ಣು ಕೊಟ್ಟಿದ್ದೆ."

ಮಗ ನನ್ನ ಕಡೆ ತಿರುಗಿದ. ಡಾಕ್ಟರು ತಿರುಗಲಿಲ್ಲ. ನರ್ಸನ್ನು ಕೂಗಿ ಆಕ್ಸಿಜನ್ ಸಿಲಿಂಡರು ತರಿಸಿ, ಅವಳ ಮೂಗು ಬಾಯಿಗೆ ಮಾಸ್ಕ್ ಕಟ್ಟಿ ಪೂರಾ ಬಿಡಿ ಎಂದರು. ಆಮೇಲೆ ನನಗೆ ಹೇಳಿದರು: "ಹೊಗೆ ಇದ್ದಾಗ ಕೆಮ್ಮಾದ್ರೂ ಬರ್ತದೆ, ಅಜ್ಜಾ. ಹೊಗೆ ಹೋಗಿ ಬರೀ ಕೆಂಡ ಉಳಿದಾಗಲೇ ಅಪಾಯ. ಅದರ ಗಾಳಿಗೆ ವಾಸನೆ ಇಲ್ಲ, ಕಣ್ಣಿಗೆ ಕಾಣೋದಿಲ್ಲ. ಇನ್ನರ್ಧ ತಾಸು ಆಗಿದ್ರೆ…"

ಕೆಮ್ಮು ನಿಂತಿತೆಂದು ನಾನು ಕಣ್ಣೊರೆಸಿಕೊಂಡದ್ದು ಬರೀ ಕೆಂಡ ಉಳಿದ ಆ ಹೊತ್ತಿನಲ್ಲೇ.

ಅವಳು ಕಣ್ಣು ತೆರೆದದ್ದು ಬೆಳಗಾದ ಮೇಲೆ. ತಲೆ ಸಿಡಿಯುತ್ತದೆ ಎಂದಳು. ನೀರು ಕೇಳಿದಳು. ಬಾಗಿಲ ಹೊರಗೆ ಕೂತಿದ್ದ ನನಗೆ ಆ ದನಿ ಕೇಳಿದಾಗ ಏನಾಯಿತೆಂದು ಬರೆಯಲು ನನ್ನ ನಾಲ್ಕನೇ ಇಯತ್ತೆ ಸಾಲದು. ಕಾರಿಡಾರಿನಲ್ಲಿ ಹೋಗಿಬರುವವರಿಗೆಲ್ಲ ಕೈ ಮುಗಿದೆ. ಕಸ ಗುಡಿಸುವ ಹೆಣ್ಣುಮಗಳಿಗೂ ಮುಗಿದೆ. "ಗಂಡು ಹುಟ್ಯದೇನ್ರಿ?" ಎಂದು ಕೇಳಿದಳು ಅವಳು. ಹೌದವ್ವಾ, ಇಪ್ಪತ್ನಾಲ್ಕು ವರ್ಷದ ಹೆಣ್ಣು ಹುಟ್ಯಾಳ ಎಂದೆ.

ಆದರೆ ಮಗ ನನ್ನೊಡನೆ ಮಾತಾಡಲಿಲ್ಲ. ಮನೆಗೆ ಬಂದ ಮೇಲೂ ಇಲ್ಲ. ನನ್ನ ತಾಟು ಬೇರೆ ಹೊತ್ತಿಗೆ ಬರತೊಡಗಿತು. ಅವನು ನನ್ನ ಮುಂದೆ ಹಾಯುವಾಗ ಗೋಡೆ ನೋಡುತ್ತ ಹಾಯುತ್ತಿದ್ದ. ಅದನ್ನು ನಾನು ತಡೆದುಕೊಂಡೆ. ತಡೆಯಲಾಗದ್ದು ಇನ್ನೊಂದಿತ್ತು. ಮೊಮ್ಮಗಳು ಟೆಂಟಿನ ಹೆಸರು ಎತ್ತಲಿಲ್ಲ. ಕರಾರು ಕರಾರೇ. ಎದ್ದು ಓಡಾಡುವಂತಾದ ದಿನ, ಜಾಳಿಗೆಯ ಟೆಂಟನ್ನು ಗೆಳತಿಗೆ ತಿರುಗಿ ಕೊಡಲು ಅಂಗಳದಲ್ಲಿ ಕೂತು ಸುತ್ತುತ್ತಿದ್ದಳು. ಕಡ್ಡಿಗಳನ್ನು ಒಂದೊಂದಾಗಿ ಬಟ್ಟೆಯಿಂದ ಒರೆಸಿ ಒರೆಸಿ ಚೀಲಕ್ಕೆ ಹಾಕುತ್ತಿದ್ದಳು. ಅಳುತ್ತಿರಲಿಲ್ಲ. ಅಳುತ್ತಿದ್ದರೆ ನಾನು ಏನಾದರೂ ಅನ್ನಬಹುದಿತ್ತು.

ಮಗ ದನ ಕಟ್ಟುತ್ತಿದ್ದ. ಕೊಟ್ಟಿಗೆಗೆ ಹೋಗಿ ಅವನು ಹಾಯುವ ದಾರಿಗೆ ಅಡ್ಡ ನಿಂತೆ.

"ನನ್ನ ಜೋಡಿ ಮಾತಾಡಬ್ಯಾಡ. ಕೇಳು ಮಾತ್ರ."

ಅವನು ಹಗ್ಗ ಬಿಗಿಯುತ್ತಲೇ ಇದ್ದ.

"ಹೊಳಿ ಅಂದಿ, ಹಾವು ಅಂದಿ, ಮಂದಿ ಅಂದಿ. ಯಾವುದು ಬಂತಪಾ? ನಮ್ಮ ಕಣದಾಗ, ನಮ್ಮ ಮನಿ ಕೆಂಡ, ನನ್ನ ಕೈಲೆ ಬಂತು. ಆಕಿ ಗಾಳಿ ಆಡೋದು ಬೇಕು ಅಂದಿದ್ದಳು. ನಾ ಬ್ಯಾಡ ಅಂದೆ. ನನ್ನ ಸಲುವಾಗಿ ಹೂಂ ಅಂದಳು. ಆಕಿ ತಪ್ಪಿಲ್ಲ, ಟೆಂಟಿನ ತಪ್ಪಿಲ್ಲ. ಕರಾರು ಮುರದಾವ ನಾನು. ಶಿಕ್ಷಾ ಆಕಿಗ್ಯಾಕ?"

"ಹೋಗಿ ಅಲ್ಲಿ ಏನಾರ ಆದ್ರ?" ಅವನು ಹಗ್ಗ ಬಿಟ್ಟು ತಿರುಗಿದ. ಆರು ದಿನದ ಮೇಲೆ ನನಗಾಡಿದ ಮೊದಲ ಮಾತು. "ಅಪ್ಪಾ, ಆಕಿ ಕೈ ಹಂಗ ಬಿತ್ತಲ್ಲ. ನನಗ ಕಣ್ಣು ಮುಚ್ಚಿದ್ರ ಅದೇ ಕಾಣಾಕತ್ತದ."

"ನನಗ ಕಣ್ಣು ತೆರದ್ರೂ ಅದೇ ಕಾಣ್ತದ."

ಅವನು ಒಪ್ಪಲಿಲ್ಲ, ಬೇಡವೆಂದೂ ಅನ್ನಲಿಲ್ಲ. ಹೊರಗೆ ಹೋಗಿ ಮಗಳ ಮುಂದೆ ಕೂತು, ಜಾಳಿಗೆಯ ಟೆಂಟನ್ನು ಚೀಲದಿಂದ ಹೊರಗೆ ಎಳೆದ.

"ಇದು ಹೆಂಗ ಕಟ್ತಾರ, ತೋರಸು," ಎಂದ.

ಆ ದಿನ ಮಧ್ಯಾಹ್ನ ಅವನು ಆ ಟೆಂಟಿನೊಳಗೆ ತಾನೇ ಮಲಗಿ ನೋಡಿದ. ಕಾಲು ಚಾಚಿದ, ಕೂತ, ತಲೆ ಮೇಲೆ ತಾಗುತ್ತದೋ ನೋಡಿದ, ಕೆಳಗಿನ ಗೇಣು ಸಂದಿನಲ್ಲಿ ಕೈ ಹಾಕಿ ಗಾಳಿ ಬರುತ್ತದೋ ನೋಡಿದ. ಚೈನನ್ನು ಹತ್ತು ಸಲ ಎಳೆದ. ಒಂದು ಕೊಡ ನೀರು ಮೇಲೆ ಸುರಿಸಿದ, ನನ್ನ ಸೊಸೆ ಹಾಸಿಗೆ ತೋಯುತ್ತದೆಂದು ಬೈದಳು, ತೋಯಲಿಲ್ಲ. ಗಾಡಿಯ ಮೇಲೆ ಅಡ್ಡ ಇಟ್ಟು ನೋಡಿದ, ಹ್ಯಾಂಡಲ್ಲಿನ ಒಳಗೇ ಇತ್ತು. ಆ ರಾತ್ರಿ ಕಣದಲ್ಲಿ ಅವಳು ಅದರಲ್ಲಿ ಮಲಗಿದಳು. ಬೆಂಕಿಯನ್ನು ನಾನು ಊರಾಚೆಗೆ ಇಟ್ಟು ಬರುತ್ತಿದ್ದೆ, ಸಾಧ್ಯವಿದ್ದರೆ. ಬೆಳಗ್ಗೆ ಅವಳು ಎದ್ದು ಬಂದು ಚಹಾ ಕೇಳಿದಾಗ ಮಗ ಒಂದು ಬೆರಳು ಎತ್ತಿ, "ಹೋಗು," ಎಂದ.

ಅವಳೂ ಗೆಳತಿಯೂ ಹೊರಟ ದಿನ ಗಾಳಿ ಆಡುತ್ತಿತ್ತು. ಆದರೂ ಹೊತ್ತು ಮುಳುಗುವಾಗ ಒಲೆಯ ಹೊಗೆ ಕಂಡು ನಾನು ಎದ್ದು ಕಣಕ್ಕೆ ಹೋಗಿ ನೋಡಿ ಬಂದೆ. ಈಗಲೂ ಹೋಗುತ್ತೇನೆ. ಕೊಟ್ಟಿಗೆಗೆ ಹೊಗೆ ಹಾಕುವುದನ್ನು ನಾನು ಬಿಟ್ಟಿದ್ದೇನೆ, ಮಗ ಹಾಕುತ್ತಾನೆ. ಭೂಸನೂರಿನಾಚೆ ಒಬ್ಬ ರೈತನ ಕಡಲೆ ಹೊಲದಲ್ಲಿ ಇಳಿದಿದ್ದೇವೆ ಎಂದು ಅವಳು ಸಂಜೆ ಫೋನ್ ಮಾಡಿದ್ದಳು. ಹಿನ್ನೆಲೆಯಲ್ಲಿ ಒಂದು ನಾಯಿ ಬೊಗಳುತ್ತಿತ್ತು, ಯಾರೋ ಗಂಡಸು ಏನೋ ಕೂಗಿದ. ಫೋನು ಕಟ್ಟಾಯಿತು. ಮತ್ತೆ ಹತ್ತಲಿಲ್ಲ. ನನ್ನ ಹೆಂಡತಿ ಒಂದು ರೊಟ್ಟಿ ಹೆಚ್ಚಿಗೆ ಮಾಡಿ, ಅದನ್ನು ಮುಚ್ಚಿಟ್ಟಳು.

ಬೆಳಗ್ಗೆ ಏಳಕ್ಕೆ ಫೋನು ಬಂತು.

"ಮುತ್ಯಾ, ಎದ್ದೆವು. ಎಷ್ಟು ನಿದ್ದಿ ಅಂತಿ! ಆ ಮನಿಯವ್ವ ಹಾಲು ತಂದಾಳ, ಬ್ಯಾಡ ಅಂದ್ರ ಕೇಳವಲ್ಲಳು. ರಾತ್ರಿ ಅವರ ಗಂಡಸರು ಹಂದಿ ಕಾಯಾಕತ್ತಿದ್ರು, ಅದಕ್ಕ ಕೂಗಾಟ."

ಅವಳು ಇನ್ನೂ ಹೇಳುತ್ತಿದ್ದಳು. ಮಂಜು ಬಿದ್ದಿತ್ತಂತೆ, ಟೆಂಟಿನ ಹೊರಗೆ ಹನಿ ಇತ್ತಂತೆ, ಒಳಗೆ ಇರಲಿಲ್ಲವಂತೆ. ನಾನು ಹೂಂ, ಹೂಂ ಎಂದೆ. ನನ್ನ ಮುಖ ನೋಡಿಯೇ ಮಗ ಕೆಲಸ ಬಿಟ್ಟು ಬಂದು, ಫೋನನ್ನು ನನ್ನ ಕೈಯಿಂದ ಮೆಲ್ಲಗೆ ತೆಗೆದುಕೊಂಡ. ಕಿವಿಗೆ ಹಿಡಿದು ನಿಂತ. ಆ ಕಡೆಯಿಂದ "ಪಪ್ಪಾ? ಪಪ್ಪಾ?" ಎನ್ನುವುದು ನನಗೂ ಕೇಳಿಸಿತು.

"ಇವತ್ತ ಎಲ್ಲಿ ಇಳೀತೀರಿ?" ಎಂದು ಕೇಳಿದ.